ಬಂದದ್ದು ಎಂಥ ಕರೆಂಟು?

ಬೇಸಿಗೆ ಬೆಳೆಯ ಹೊತ್ತು. ಸಂಜೆಯಾದರೂ ಹೇಮಗುಡ್ಡದ ಬಂಡೆಗಳು ಹಗಲಿನ ಕಾವು ಬಿಟ್ಟಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಯಾವ ಊರಿನ ಹೊಲಕ್ಕೆ ಹೋದರೂ ಪಂಪ್‌ಮನೆಯ ಬಾಗಿಲಲ್ಲಿ ಕಾದು ಕೂತ ರೈತರು ಸಿಗುತ್ತಾರೆ. "ತ್ರೀ ಫೇಸ್ ಬಂತ್ರಿ" ಎಂಬ ಕೂಗು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ದಾಟುವಷ್ಟರಲ್ಲಿ ಆಟೋ ಸ್ಟಾರ್ಟರ್ ಹಾಕಿದ ಮೋಟಾರುಗಳೆಲ್ಲ ಒಮ್ಮೆಲೇ ಏಳುತ್ತವೆ. ಪಂಪ್‌ಮನೆಯ ಬಲ್ಬು ಕೆಂಪಗಾಗಿ ಮಂಕಾಗುತ್ತದೆ. ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವ ಸದ್ದು ದಪ್ಪಗಾಗುತ್ತದೆ. ಲೈನಿನ ಕೊನೆಯ ಹೊಲದ ಮೋಟಾರು ತಿರುಗಲಾರದೆ ಮುಲುಗುತ್ತದೆ. ಸ್ವಲ್ಪ ಹೊತ್ತಿಗೆ ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ.

ಕರೆಂಟ್ ಇತ್ತು. ಆದರೂ ಹೊಲಕ್ಕೆ ನೀರು ಬರಲಿಲ್ಲ, ಮೋಟಾರು ರಿವೈಂಡಿಂಗ್ ಅಂಗಡಿ ಸೇರಿತು.

ಕರೆಂಟಿನ ಬಗ್ಗೆ ನಾವು ಆಡುವ ಮಾತೆಲ್ಲ "ಬಂತು", "ಹೋಯ್ತು" ಎಂಬ ಎರಡೇ ಪದಗಳಲ್ಲಿ ಮುಗಿಯುತ್ತದೆ. ಬಂದದ್ದು ಎಂಥ ಕರೆಂಟು, ಅದರ ವೋಲ್ಟೇಜು ಎಷ್ಟು, ಮೂರೂ ಫೇಸು ಸಮನಾಗಿದ್ದವೇ, ಏನಾದರೂ ಎಡವಟ್ಟಾದರೆ ತಾನಾಗಿ ಆಫ್ ಆಗುವ ವ್ಯವಸ್ಥೆ ಇದೆಯೇ ಎಂದು ಕೇಳುವುದು ಕಡಿಮೆ. ರೈತನ ಖರ್ಚು, ಲೈನ್‌ಮನ್‌ನ ಜೀವ, ಮನೆಯ ಟಿವಿ ಫ್ರಿಜ್ಜುಗಳ ಆಯುಷ್ಯ ನಿಂತಿರುವುದು ಈ ಕೇಳದ ಪ್ರಶ್ನೆಗಳ ಮೇಲೆ.

ಮುನಿರಾಬಾದಿನಿಂದ ಮೋಟಾರಿನವರೆಗೆ

ಕರ್ನಾಟಕಕ್ಕೆ ವಿದ್ಯುತ್ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನು ಎಳೆದ ನಾಡು ಇದು. ಕೊಪ್ಪಳ ಸೀಮೆಯ ಮಟ್ಟಿಗೆ ದೊಡ್ಡ ತಿರುವು ಬಂದದ್ದು ತುಂಗಭದ್ರಾ ಅಣೆಕಟ್ಟಿನಿಂದ. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಎಡದಂಡೆಯ ಮುನಿರಾಬಾದಿನಲ್ಲಿ 1960ರ ದಶಕದಲ್ಲಿ ಜಲವಿದ್ಯುತ್ ಘಟಕಗಳು ಶುರುವಾದವು.

ಆದರೆ ಮುನಿರಾಬಾದಿನಲ್ಲಿ ಹುಟ್ಟಿದ ಕರೆಂಟು ಗಂಗಾವತಿಗಷ್ಟೇ ಬರುತ್ತದೆ ಎನ್ನುವಂತಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕೆ.ವಿ. ಮಾರ್ಗ ಕೂಡಿಕೊಂಡಾಗ ದಕ್ಷಿಣದ ಗ್ರಿಡ್ಡು ದೇಶದ ಉಳಿದ ಗ್ರಿಡ್ಡಿನೊಂದಿಗೆ ಒಂದಾಯಿತು. ಅಂದಿನಿಂದ ಕಾಶ್ಮೀರದ ಬಲ್ಬಿಗೂ ಹೇಮಗುಡ್ಡದ ಬಲ್ಬಿಗೂ ಒಂದೇ ಫ್ರೀಕ್ವೆನ್ಸಿ, ಸೆಕೆಂಡಿಗೆ 50 ಆವರ್ತನದ ಆಸುಪಾಸು.

ವೋಲ್ಟೇಜಿನ ಕಥೆ ಬೇರೆ. ದೊಡ್ಡ ಉಪಕೇಂದ್ರದಲ್ಲಿ ಇಳಿದ ವಿದ್ಯುತ್ತು 11 ಕೆ.ವಿ. ಫೀಡರ್ ಆಗಿ ಊರೂರು ಸುತ್ತುತ್ತದೆ. ಹೊಲದ ಪಕ್ಕದ ಟ್ರಾನ್ಸ್‌ಫಾರ್ಮರ್, ನಮ್ಮ ಮಾತಿನ ಟಿಸಿ, ಅದನ್ನು 433 ವೋಲ್ಟಿಗೆ ಇಳಿಸುತ್ತದೆ. ಅಲ್ಲಿಂದ ಮುಂದೆ ತಂತಿ ಎಷ್ಟು ಉದ್ದ, ಎಷ್ಟು ತೆಳು, ಎಷ್ಟು ಮೋಟಾರು ಎಂಬುದರ ಮೇಲೆ ನಿಮಗೆ ಸಿಗುವ ವೋಲ್ಟೇಜು ನಿಲ್ಲುತ್ತದೆ. ಫ್ರೀಕ್ವೆನ್ಸಿ ದೇಶದ್ದು, ವೋಲ್ಟೇಜು ಊರಿನದು. ಹಾಗಾಗಿ ಅದನ್ನು ಸರಿಪಡಿಸುವ ಕೆಲಸವೂ ಊರಿನಲ್ಲೇ ಆಗಬೇಕು.

ಇಲ್ಲಿ ಆ ಹೊಣೆ ಹೊತ್ತಿರುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಜೆಸ್ಕಾಂ. ಹಳೆಯ ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯಿತು. 2002ರಲ್ಲಿ ವಿತರಣೆಯ ಕೆಲಸ ಜೆಸ್ಕಾಂನಂಥ ಎಸ್ಕಾಂಗಳ ಪಾಲಿಗೆ ಬಂತು. ಹಳ್ಳಿಯ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಕೆಇಬಿಯೇ.

ಕೊನೆಯ ಹೊಲದ ಕಷ್ಟ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನವರು ಎಷ್ಟು ಎಳೆದರೆ ಕೆಳಗಿನವರಿಗೆ ಅಷ್ಟು ಕಡಿಮೆ. ಲೈನಿನಲ್ಲೂ ಹೀಗೆಯೇ. ಟಿಸಿಯ ಪಕ್ಕದ ಹೊಲದಲ್ಲಿ 415 ವೋಲ್ಟು ಇದ್ದರೆ, ಉದ್ದ ತಂತಿಯ ಕೊನೆಯಲ್ಲಿ ಅದು ಬಹಳ ಇಳಿದಿರುತ್ತದೆ.

ಮೋಟಾರಿನ ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವೋಲ್ಟೇಜು ಶೇ 10ರಷ್ಟು ಇಳಿದರೆ ಬಲ ಶೇ 19ರಷ್ಟು ಕುಗ್ಗುತ್ತದೆ. ಆದರೆ ಬೋರಿನ ಆಳ ಕುಗ್ಗುವುದಿಲ್ಲ, ಎತ್ತಬೇಕಾದ ನೀರಿನ ಭಾರ ಅಷ್ಟೇ ಇರುತ್ತದೆ. ಆಗ ಮೋಟಾರು ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ. ಸುರುಳಿಯ ಬಿಸಿ 10 ಡಿಗ್ರಿ ಹೆಚ್ಚಾದಂತೆಲ್ಲ ಅದರ ಇನ್ಸುಲೇಷನ್ನಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. 63 ಕೆವಿಎ ಟಿಸಿ ಪ್ರತಿ ಫೇಸಿನಲ್ಲಿ ಕೊಡಬಲ್ಲದ್ದು ಸುಮಾರು 84 ಆಂಪಿಯರ್. 5 ಎಚ್‌ಪಿ ಮೋಟಾರು ಓಡುವಾಗ ಎಳೆಯುವುದು ಏಳೆಂಟು ಆಂಪಿಯರ್. ಅಂದರೆ ಹತ್ತು ಹನ್ನೊಂದು ಮೋಟಾರಿಗೆ ಟಿಸಿ ತುಂಬಿತು. ಆದರೆ ನೇರವಾಗಿ ಶುರುವಾಗುವ ಮೋಟಾರು ಆ ಕ್ಷಣದಲ್ಲಿ ಆರು ಪಟ್ಟು ಕರೆಂಟ್ ಕೇಳುತ್ತದೆ. ಹತ್ತು ಮೋಟಾರು ಒಟ್ಟಿಗೆ ಎದ್ದರೆ ಬೇಕಾಗುವುದು 400 ಆಂಪಿಯರಿಗೂ ಹೆಚ್ಚು. ವೋಲ್ಟೇಜು ಕುಸಿಯದೆ ಇನ್ನೇನಾದೀತು? ಲೆಕ್ಕಕ್ಕೆ ಬಾರದ ನಾಲ್ಕಾರು ಅಕ್ರಮ ಸಂಪರ್ಕಗಳೂ ಸೇರಿದರೆ ಟಿಸಿಯೇ ಸುಡುತ್ತದೆ. ಆಗ ಸಕ್ರಮದವರ ಬೆಳೆಯೂ ಒಣಗುತ್ತದೆ.

ಮೂರರಲ್ಲಿ ಒಂದು ಕೈಕೊಟ್ಟರೆ

ತ್ರೀ ಫೇಸ್ ಮೋಟಾರು ಮೂರೂ ಫೇಸು ಸಮನಾಗಿ ಬಂದಾಗ ಮಾತ್ರ ತಂಪಾಗಿ ಓಡುತ್ತದೆ. ಫೇಸುಗಳ ವೋಲ್ಟೇಜಿನಲ್ಲಿ ಶೇ 3.5ರಷ್ಟು ಅಸಮತೋಲ ಇದ್ದರೂ ಮೋಟಾರಿನ ಕಾವು ಸುಮಾರು ಶೇ 25ರಷ್ಟು ಏರುತ್ತದೆ. ಒಂದು ಫೇಸಿನ ಫ್ಯೂಸು ಹೋಗಿ ಎರಡರಲ್ಲೇ ಓಡಿದರೆ ಕೆಲವೇ ನಿಮಿಷಗಳಲ್ಲಿ ಸುರುಳಿ ಸುಡುತ್ತದೆ.

ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಮೋಟಾರು ಓಡಿಸುವ ರೂಢಿ ಹಳ್ಳಿಗಳಲ್ಲಿದೆ. ಒಣಗುವ ಪೈರು ನೋಡಿ ಕೈಕಟ್ಟಿ ಕೂರಲು ಯಾವ ರೈತನಿಗೂ ಮನಸ್ಸು ಬಾರದು. ಆದರೆ ಹಾಗೆ ಓಡಿಸಿದಾಗ ಒಂದೆರಡು ಫೇಸಿನ ಮೇಲೆ ಹೊರೆ ಬಿದ್ದು ಇಡೀ ಫೀಡರಿನ ಸಮತೋಲ ತಪ್ಪುತ್ತದೆ. ಒಬ್ಬರ ನೀರಿಗಾಗಿ ಹತ್ತಾರು ಮನೆಯ ವೋಲ್ಟೇಜು ಕೆಡುತ್ತದೆ.

ಮನೆಗಳಿಗೆ ಇದಕ್ಕಿಂತ ದೊಡ್ಡ ಅಪಾಯ ನ್ಯೂಟ್ರಲ್ ತುಂಡಾಗುವುದು. ಟಿಸಿಯಿಂದ ಮೂರು ಫೇಸು, ಒಂದು ನ್ಯೂಟ್ರಲ್, ಹೀಗೆ ನಾಲ್ಕು ತಂತಿ ಹೊರಡುತ್ತವೆ. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟು, ಎರಡು ಫೇಸುಗಳ ನಡುವೆ 400. ಗಾಳಿಮಳೆಗೆ ನ್ಯೂಟ್ರಲ್ ಜಂಪು ಸಡಿಲಾದರೆ ಬೇರೆ ಬೇರೆ ಫೇಸಿನ ಮನೆಗಳು 400 ವೋಲ್ಟಿನ ನಡುವೆ ಸಿಕ್ಕಿಕೊಳ್ಳುತ್ತವೆ. ಕಡಿಮೆ ಲೋಡಿರುವ ಮನೆಗೆ 300ಕ್ಕೂ ಮೀರಿದ ವೋಲ್ಟು ಹೋಗಬಹುದು. ಒಂದೇ ರಾತ್ರಿ ಒಂದೇ ಓಣಿಯ ಹಲವು ಟಿವಿ, ಫ್ಯಾನು, ಚಾರ್ಜರು ಸುಟ್ಟವು ಎಂದರೆ ಮೊದಲು ನೋಡಬೇಕಾದದ್ದು ನ್ಯೂಟ್ರಲ್ಲನ್ನೇ.

ಒಂದು ಟಿಸಿಯ ಮುಂದೆ ನಿಂತರೆ

ಎರಡು ಕಂಬದ ನಡುವೆ ಕೂತ ಟಿಸಿಯನ್ನು ತಂತಿಬೇಲಿಯ ಹೊರಗೆ ನಿಂತು ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ನೆತ್ತಿಯಲ್ಲಿ ಉಂಗುರ ಜೋಡಿಸಿದಂತೆ ಕಾಣುವ ಮೂರು ಸಿಡಿಲು ನಿರೋಧಕಗಳು. ಸಿಡಿಲಿನ ಹೊಡೆತ ಟಿಸಿಗೆ ತಾಗುವ ಮೊದಲೇ ಅವು ಅದನ್ನು ನೆಲಕ್ಕೆ ಇಳಿಸುತ್ತವೆ. ಅವುಗಳ ಹತ್ತಿರ ಮೂರೂ ಫೇಸನ್ನು ಒಟ್ಟಿಗೆ ಬಿಡಿಸುವ ಜಿಓಎಸ್ ಸ್ವಿಚ್ಚು. ಕೊಂಬಿನಂತೆ ಮೇಲಕ್ಕೆ ಬಾಗಿದ ಎರಡು ಸರಳುಗಳ ನಡುವೆ ಎಚ್‌ಜಿ ಫ್ಯೂಸಿನ ಎಳೆ. ಕೆಳಗೆ ಪೆಟ್ಟಿಗೆಯಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳು. ಕಂಬಕ್ಕೆ ಅಂಟಿಕೊಂಡು ನೆಲಕ್ಕಿಳಿಯುವ ಜಿಐ ಪಟ್ಟಿಯೇ ಅರ್ತ್.

ಫ್ಯೂಸು ಸುಡಲೆಂದೇ ಇರುವ ತಂತಿ. 63 ಕೆವಿಎ ಟಿಸಿಯ 11 ಕೆ.ವಿ. ಬದಿಯಲ್ಲಿ ಪೂರ್ಣ ಲೋಡಿಗೂ ಹರಿಯುವುದು ಬರೀ 3.3 ಆಂಪಿಯರ್. ಅಲ್ಲಿಗೆ ಬೇಕಾದದ್ದು ಬಲು ತೆಳುವಾದ ಎಳೆ. ಪದೇ ಪದೇ ಫ್ಯೂಸು ಹೋಗುತ್ತದೆಂದು ಬೇಸತ್ತು ಹಳೆಯ ಲೈನಿನ ಅಲ್ಯೂಮಿನಿಯಂ ಎಳೆ ಬಿಚ್ಚಿ ಸುತ್ತಿದರೆ ಫ್ಯೂಸು ನಿಜಕ್ಕೂ ಹೋಗುವುದಿಲ್ಲ. ಅದರ ಬದಲು ಟಿಸಿ ಹೋಗುತ್ತದೆ, ಅಥವಾ ಉಪಕೇಂದ್ರದ ಬ್ರೇಕರ್ ಬಿದ್ದು ಆ ಫೀಡರಿನ ಊರುಗಳೆಲ್ಲ ಕತ್ತಲಾಗುತ್ತವೆ. ಲೈನ್‌ಮನ್ ಬೈಕೇರಿ ಕಂಬಕಂಬ ನೋಡುತ್ತ ದೋಷ ಹುಡುಕಬೇಕಾಗುತ್ತದೆ.

ರಕ್ಷಣೆಯ ಮೊದಲ ಪಾಠ ಇದೇ: ದೋಷಕ್ಕೆ ಅತಿ ಹತ್ತಿರದ್ದು ಮೊದಲು ಕಡಿಯಬೇಕು. ಮೋಟಾರಿನ ದೋಷ ಸ್ಟಾರ್ಟರಿನಲ್ಲೇ ನಿಲ್ಲಬೇಕು, ಓಣಿಯದು ಟಿಸಿಯ ಪೆಟ್ಟಿಗೆಯಲ್ಲಿ, ಟಿಸಿಯದು ಎಚ್‌ಜಿ ಫ್ಯೂಸಿನಲ್ಲಿ. ಇಡೀ ಫೀಡರು ಆಫ್ ಆಗುವುದು ಕಡೆಯ ಉಪಾಯ. ಪ್ರತಿ ಹಂತದ ಫ್ಯೂಸು, ದೋಷ ಕಂಡು ಬ್ರೇಕರ್ ಬೀಳಿಸುವ ರಿಲೇಗಳನ್ನು ಒಂದಕ್ಕೊಂದು ಹೊಂದಿಸಿ ಇಟ್ಟಿರುತ್ತಾರೆ. ನಡುವೆ ಒಂದು ದಪ್ಪ ತಂತಿ ಸುತ್ತಿದರೆ ಆ ಹೊಂದಾಣಿಕೆ ಪೂರ್ತಿ ಮುರಿದುಬೀಳುತ್ತದೆ.

ಅರ್ತ್ ಕೂಡ ಅಷ್ಟೇ ಮುಖ್ಯ. ಟಿಸಿಯ ನ್ಯೂಟ್ರಲ್ಲಿಗೆ ಎರಡು ಬೇರೆ ಬೇರೆ ಅರ್ತ್, ಟಿಸಿಯ ಮೈಗೆ ಪ್ರತ್ಯೇಕ ಅರ್ತ್, ಸಿಡಿಲು ನಿರೋಧಕಕ್ಕೆ ಅದರದೇ ಅರ್ತ್ ಇರಬೇಕು. ಕೊಪ್ಪಳ ಸೀಮೆಯ ಕಲ್ಲುನೆಲ, ಮೊರಂ ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ವಿದ್ಯುತ್ತನ್ನು ಸುಲಭಕ್ಕೆ ಒಳಬಿಡುವುದಿಲ್ಲ. ಅದಕ್ಕೇ ಅರ್ತ್ ಗುಂಡಿಗೆ ಇದ್ದಿಲು, ಉಪ್ಪು ತುಂಬುವ, ಬೇಸಿಗೆಯಲ್ಲಿ ನೀರು ಹಾಕುವ ಪದ್ಧತಿ ಬಂದದ್ದು. ಪಟ್ಟಿ ತುಕ್ಕು ಹಿಡಿದು ಕಡಿದಿದ್ದರೆ, ಯಾರೋ ಕಿತ್ತೊಯ್ದಿದ್ದರೆ, ದೋಷವಾದಾಗ ಕರೆಂಟು ನೆಲಕ್ಕಿಳಿಯುವ ದಾರಿಯೇ ಇರುವುದಿಲ್ಲ. ಆಗ ಕಂಬ, ತಂತಿಬೇಲಿ, ಪಕ್ಕದಲ್ಲಿ ಕಟ್ಟಿದ ಎಮ್ಮೆಗೂ ಕರೆಂಟ್ ತಗಲಬಹುದು.

ತಂತಿ ಬಿದ್ದರೂ ಲೈನು ಆಫ್ ಆಗದಾಗ

2023ರ ನವೆಂಬರ್ 19ರ ನಸುಕಿನಲ್ಲಿ ಬೆಂಗಳೂರಿನ ಕಾಡುಗೋಡಿ ಬಳಿ ಪಾದಚಾರಿ ಮಾರ್ಗದಲ್ಲಿ ಬಿದ್ದಿದ್ದ ವಿದ್ಯುತ್ ತಂತಿ ತಗಲಿ ಯುವತಿ ಮತ್ತು ಆಕೆಯ ಒಂಬತ್ತು ತಿಂಗಳ ಮಗು ಪ್ರಾಣ ಬಿಟ್ಟರು. ರಾಜ್ಯವೇ ಮರುಗಿತು. "ತಂತಿ ಬಿದ್ದ ಮೇಲೂ ಅದರಲ್ಲಿ ಕರೆಂಟ್ ಹೇಗೆ ಇರುತ್ತದೆ?" ಎಂಬ ಪ್ರಶ್ನೆ ಎಲ್ಲರ ಬಾಯಲ್ಲೂ ಬಂತು.

ಹಾಗಾಗಲು ಹಲವು ಕಾರಣಗಳಿರುತ್ತವೆ. ಸಾಮಾನ್ಯವಾದ ಒಂದನ್ನು ನೋಡೋಣ. ಎರಡು ತಂತಿ ಒಂದಕ್ಕೊಂದು ತಾಗಿದರೆ ಸಾವಿರಾರು ಆಂಪಿಯರ್ ಹರಿದು ಬ್ರೇಕರ್ ಕೂಡಲೇ ಬೀಳುತ್ತದೆ. ಆದರೆ ಒಣ ನೆಲ, ಬಂಡೆ, ಡಾಂಬರಿನ ಮೇಲೆ ಬಿದ್ದ 11 ಕೆ.ವಿ. ತಂತಿಯಿಂದ ನೆಲಕ್ಕೆ ಹೋಗುವುದು ಕೆಲವೇ ಆಂಪಿಯರ್. ನೂರಾರು ಆಂಪಿಯರ್ ಹೊತ್ತ ಫೀಡರಿಗೆ ಅದು ಇನ್ನೊಂದಿಷ್ಟು ಲೋಡು ಬಂದಂತೆ ಕಾಣುತ್ತದೆ. ರಿಲೇಗೆ ದೋಷ ಗೊತ್ತಾಗುವುದಿಲ್ಲ. ಮನುಷ್ಯನ ಎದೆಬಡಿತ ನಿಲ್ಲಿಸಲು ಒಂದು ಆಂಪಿಯರಿನ ಹತ್ತರಲ್ಲೊಂದು ಭಾಗ ಸಾಕು.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತಿತು. 2009ರ ಫೆಬ್ರುವರಿ 7ರ ಕಾಳ್ಗಿಚ್ಚಿನಲ್ಲಿ ಅಲ್ಲಿ 173 ಜನ ಸತ್ತರು. ಅಂದಿನ ದೊಡ್ಡ ಬೆಂಕಿಗಳಲ್ಲಿ ಕೆಲವು ಹೊತ್ತಿದ್ದು ವಿದ್ಯುತ್ ಲೈನಿನ ದೋಷದಿಂದ. ಆಮೇಲೆ ಅಪಾಯದ ಪ್ರದೇಶಗಳ ಉಪಕೇಂದ್ರಗಳಲ್ಲಿ, ತಂತಿ ನೆಲಕ್ಕೆ ತಾಗಿದ ಕ್ಷಣದಲ್ಲೇ ಆ ತಂತಿಯ ವೋಲ್ಟೇಜನ್ನು ಬಹುತೇಕ ಸೊನ್ನೆಗೆ ಇಳಿಸುವ ಸಾಧನಗಳನ್ನು ಕೂರಿಸಿದರು. ಅಷ್ಟು ದುಬಾರಿ ಸಾಧನ ನಮಗೆ ಎಲ್ಲ ಕಡೆ ಸಾಧ್ಯವಾಗಲಿಕ್ಕಿಲ್ಲ. ಸಣ್ಣ ಸೋರಿಕೆಯನ್ನೂ ಗುರುತಿಸುವ ಅರ್ತ್ ಫಾಲ್ಟ್ ರಿಲೇ, ಜನವಸತಿಯ ಕಡೆ ಹೊದಿಕೆಯ ಕೇಬಲ್ಲು, ಜೋತುಬಿದ್ದ ತಂತಿ ಬಿಗಿಯುವುದು ಇವೆಲ್ಲ ಸಾಧ್ಯವಿರುವ ಕೆಲಸಗಳೇ.

ಬಿದ್ದ ತಂತಿ ಕಂಡರೆ ಅದರಲ್ಲಿ ಕರೆಂಟ್ ಇದೆ ಎಂದೇ ತಿಳಿಯಿರಿ. ಸುತ್ತಲ ನೆಲದಲ್ಲೂ ವೋಲ್ಟೇಜು ಹರಡಿರುತ್ತದೆ, ಹೆಜ್ಜೆ ಅಗಲವಾದಷ್ಟೂ ಅಪಾಯ ಹೆಚ್ಚು. ಹತ್ತಿರವಿದ್ದರೆ ಕಾಲು ಜೋಡಿಸಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ದೂರ ಸರಿಯಿರಿ, ಯಾರನ್ನೂ ಹತ್ತಿರ ಬಿಡಬೇಡಿ, 1912ಕ್ಕೆ ಕರೆ ಮಾಡಿ.

ಅಲೆಯೇ ಕೆಡುವ ಕಾಲ

ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಈಗ ವೇಗ ಹೊಂದಿಸುವ ಡ್ರೈವ್‌ಗಳು, ಬಣ್ಣ ನೋಡಿ ಅಕ್ಕಿ ಬೇರ್ಪಡಿಸುವ ಯಂತ್ರಗಳು ಬಂದಿವೆ. ಮನೆಗಳಲ್ಲಿ ಎಲ್‌ಇಡಿ, ಮೊಬೈಲ್ ಚಾರ್ಜರ್, ಇನ್ವರ್ಟರ್. ಇವು ಕಡಿಮೆ ವಿದ್ಯುತ್ ಬಳಸುತ್ತವೆ, ಆದರೆ ಕರೆಂಟನ್ನು ಒಂದೇ ಸಮನೆ ಎಳೆಯದೆ ತುಣುಕು ತುಣುಕಾಗಿ ಎಳೆಯುತ್ತವೆ. ಇದರಿಂದ 50 ಆವರ್ತನದ ನಯವಾದ ಅಲೆಯ ಮೇಲೆ 150, 250, 350 ಆವರ್ತನದ ಬೇಡದ ಅಲೆಗಳು ಸವಾರಿ ಮಾಡುತ್ತವೆ. ಇವೇ ಹಾರ್ಮೋನಿಕ್ಸ್. ಟಿಸಿ ಪೂರ್ತಿ ಲೋಡಿಲ್ಲದೆಯೂ ಕಾಯುವುದು, ನ್ಯೂಟ್ರಲ್ ಬಿಸಿಯಾಗುವುದು, ಕೆಪಾಸಿಟರ್ ಉಬ್ಬಿ ಒಡೆಯುವುದು ಇದರ ಲಕ್ಷಣಗಳು. ದೊಡ್ಡ ಗಿರಣಿಗಳು ಫಿಲ್ಟರ್ ಹಾಕಿಕೊಂಡರೆ ಅದು ನೆರೆಯ ಮನೆಗಳಿಗೂ ಮಾಡಿದ ಉಪಕಾರ.

ಕುಷ್ಟಗಿ, ಯಲಬುರ್ಗಾದ ಬಯಲಿನಲ್ಲಿ ಗಾಳಿಯಂತ್ರಗಳು ಎದ್ದಿವೆ, ಚಾವಣಿಯ ಮೇಲೆ ಸೋಲಾರ್ ಬರುತ್ತಿದೆ. ಒಂದೇ ದಿಕ್ಕಿನಲ್ಲಿ ಹರಿಯುತ್ತಿದ್ದ ಕರೆಂಟು ಈಗ ಹೊಲ, ಮನೆಗಳಿಂದ ಲೈನಿಗೂ ಹರಿಯುತ್ತದೆ. ಲೈನು ಆಫ್ ಆದ ಕೂಡಲೇ ಸೋಲಾರ್ ಇನ್ವರ್ಟರ್ ಕೂಡ ನಿಲ್ಲಲೇಬೇಕೆಂಬ ನಿಯಮ ಇರುವುದು ಕಂಬದ ಮೇಲಿರುವವನ ಜೀವ ಉಳಿಸಲು. ಅಂಗಡಿ, ಕಲ್ಯಾಣ ಮಂಟಪದ ಜನರೇಟರಿಗೂ ಈ ಮಾತು ಅನ್ವಯ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಹಾಕಿದ ಜನರೇಟರಿನ ಕರೆಂಟು ಟಿಸಿಯಲ್ಲಿ ಹಿಮ್ಮುಖವಾಗಿ ಏರಿ 11 ಸಾವಿರ ವೋಲ್ಟಾಗುತ್ತದೆ. ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಪಡೆದು ಲೈನು ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಅದು ಸಾವು ತರುತ್ತದೆ.

ಆಗಿದ್ದು, ಆಗಬೇಕಾದದ್ದು

ರಾಜ್ಯದಲ್ಲಿ ನಿರಂತರ ಜ್ಯೋತಿ ಯೋಜನೆಯಡಿ ಊರಿನ ಫೀಡರು, ಪಂಪ್‌ಸೆಟ್ಟಿನ ಫೀಡರುಗಳನ್ನು ಬೇರೆ ಮಾಡಿದ್ದು ದೊಡ್ಡ ಸುಧಾರಣೆ. 2021ರಲ್ಲಿ ಕೇಂದ್ರ ಸರ್ಕಾರ ವಿತರಣಾ ಜಾಲದ ಸುಧಾರಣೆಗೆಂದೇ 3 ಲಕ್ಷ ಕೋಟಿ ರೂಪಾಯಿಗೂ ಮೀರಿದ ಯೋಜನೆ ಪ್ರಕಟಿಸಿತು. ಹಣ ಎಲ್ಲಿ ಸುರಿದರೆ ಫಲ ಹೆಚ್ಚು ಎಂಬುದೇ ಈಗಿನ ಪ್ರಶ್ನೆ.

ಮೊದಲನೆಯದು, ಉದ್ದದ 433 ವೋಲ್ಟ್ ತಂತಿ ಬಿಟ್ಟು 11 ಕೆ.ವಿ. ಲೈನನ್ನೇ ಹೊಲದವರೆಗೆ ಒಯ್ದು ಇಬ್ಬರು ಮೂವರು ರೈತರಿಗೊಂದು ಸಣ್ಣ ಟಿಸಿ ಕೊಡುವುದು. ಅಷ್ಟೇ ಶಕ್ತಿಯನ್ನು 11 ಕೆ.ವಿ.ಯಲ್ಲಿ ಸಾಗಿಸಿದರೆ ತಂತಿಯ ಕರೆಂಟು 25 ಪಟ್ಟು ಕಡಿಮೆ, ಅದೇ ತಂತಿಯಲ್ಲಿ ಆಗುವ ನಷ್ಟ 600 ಪಟ್ಟಿಗೂ ಮೀರಿ ಕಡಿಮೆ. ಟಿಸಿ ತಮ್ಮದೆಂಬ ಭಾವನೆ ಬಂದಾಗ ಅಕ್ರಮ ಸಂಪರ್ಕಕ್ಕೆ ರೈತರೇ ಅಡ್ಡ ನಿಲ್ಲುತ್ತಾರೆ.

ಎರಡನೆಯದು ಕೆಪಾಸಿಟರ್. ಮೋಟಾರಿಗೆ ಕೆಲಸ ಮಾಡುವ ಕರೆಂಟಿನ ಜೊತೆಗೆ ಕಾಂತಕ್ಷೇತ್ರ ಹುಟ್ಟಿಸುವ ಕರೆಂಟೂ ಬೇಕು. ಅದನ್ನು ಪಕ್ಕದಲ್ಲೇ ಒದಗಿಸುವ ಡಬ್ಬಿ ಇದು. 5 ಎಚ್‌ಪಿಗೆ 2 ಕೆವಿಎಆರ್ ಸಾಕಾಗುತ್ತದೆ. ಪವರ್ ಫ್ಯಾಕ್ಟರ್ 0.7ರಿಂದ 0.9ಕ್ಕೆ ಏರಿದರೆ ಲೈನಿನ ನಷ್ಟ ಸುಮಾರು ಶೇ 40ರಷ್ಟು ಇಳಿಯುತ್ತದೆ.

ಮೂರನೆಯದು ಸಣ್ಣಪುಟ್ಟ ಶಿಸ್ತು. ಆಟೋ ಸ್ಟಾರ್ಟರುಗಳನ್ನು ಒಂದೊಂದು ಹೊಲಕ್ಕೆ ಕೆಲವು ಸೆಕೆಂಡುಗಳ ಅಂತರಕ್ಕೆ ಹೊಂದಿಸುವುದು, ಒಂದು ಫೇಸು ಹೋದರೆ ಮೋಟಾರು ನಿಲ್ಲಿಸುವ ಪ್ರಿವೆಂಟರ್ ಹಾಕುವುದು, ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಯುವುದು, ಬೇಸಿಗೆಯಲ್ಲಿ ಅರ್ತ್ ಅಳೆಯುವುದು. ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದು. ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯನ ಮೈಯಲ್ಲಿ ಹರಿಯುವ ಸಣ್ಣ ಕರೆಂಟು ಅದಕ್ಕೆ ತಿಳಿಯುವುದಿಲ್ಲ. ಅದನ್ನು ಕಂಡು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಡಿಯುವುದು ಆರ್‌ಸಿಸಿಬಿ.

ಕೇಳುವ ಹಕ್ಕು ನಮಗಿದೆ

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಇದೆ. 2023ರಿಂದ ಗೃಹಜ್ಯೋತಿ ಬಂದು ಮನೆಗಳಿಗೂ 200 ಯೂನಿಟ್‌ವರೆಗೆ ಬಿಲ್ಲಿನ ಹೊರೆ ಇಳಿದಿದೆ. ಇದರಿಂದ "ಬಿಟ್ಟಿ ಕರೆಂಟಿಗೆ ಏನು ಕೇಳುವುದು" ಎಂಬ ಸಂಕೋಚ ಹಲವರಲ್ಲಿದೆ. ಆ ಸಂಕೋಚಕ್ಕೆ ಕಾರಣವಿಲ್ಲ. ಆ ಹಣವನ್ನು ಜನರ ತೆರಿಗೆಯಿಂದ ಸರ್ಕಾರವೇ ಕಟ್ಟುತ್ತದೆ. 2003ರ ವಿದ್ಯುತ್ ಕಾಯ್ದೆ ಸೇವೆಯ ಗುಣಮಟ್ಟ ನಿಗದಿಪಡಿಸಲು, ಅದು ತಪ್ಪಿದರೆ ಪರಿಹಾರ ಕೊಡಿಸಲು ಅವಕಾಶ ಮಾಡಿದೆ. 2020ರ ಗ್ರಾಹಕರ ಹಕ್ಕು ನಿಯಮಗಳು ಅದನ್ನು ಇನ್ನಷ್ಟು ಗಟ್ಟಿ ಮಾಡಿವೆ. ಮನೆಯ ವೋಲ್ಟೇಜು ನಿಗದಿತ ಮಟ್ಟದಿಂದ ಶೇ 6ಕ್ಕಿಂತ ಹೆಚ್ಚು ಏರಿಳಿಯಬಾರದೆಂಬ ಮಾತು 1956ರ ನಿಯಮಗಳಲ್ಲೇ ಇತ್ತು.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಟಿಸಿಯ ಮಾತೂ ಬರಲಿ. ನಮ್ಮ ಟಿಸಿ ಎಷ್ಟು ಕೆವಿಎ, ಅದರ ಮೇಲೆ ಎಷ್ಟು ಲೋಡಿದೆ? ಅರ್ತ್ ಕೊನೆಯ ಬಾರಿ ಅಳೆದದ್ದು ಯಾವಾಗ? ಫ್ಯೂಸಿನ ಜಾಗದಲ್ಲಿ ಇರುವುದು ಸರಿಯಾದ ಎಳೆಯೇ? ಲೈನಿನ ಕೊನೆಯ ಮನೆಯಲ್ಲಿ ಸಂಜೆ ಏಳಕ್ಕೆ ವೋಲ್ಟೇಜು ಎಷ್ಟು? ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಶಾಖಾಧಿಕಾರಿಯ ಸಹಿ ಕೇಳಿ. ಬರವಣಿಗೆಯಲ್ಲಿ ಇರುವ ದೂರಿಗೆ ಇಲಾಖೆ ಬರವಣಿಗೆಯಲ್ಲೇ ಉತ್ತರಿಸಬೇಕಾಗುತ್ತದೆ.

ಆ ಪುಸ್ತಕದ ಇನ್ನೊಂದು ಪುಟ ನಮ್ಮದು. ಅಕ್ರಮ ಮೋಟಾರು, ದಪ್ಪ ಫ್ಯೂಸು, ಕಂಡೆನ್ಸರಿನ ಓಟ ನಿಂತಿತೇ ಎಂದು ಅಲ್ಲಿ ನಾವೇ ಬರೆಯಬೇಕು. ಒಳ್ಳೆಯ ಕರೆಂಟು ಕೊಡುವುದು ಇಲಾಖೆಯ ಹೊಣೆ, ಅದನ್ನು ಕೆಡದಂತೆ ಬಳಸುವುದು ನಮ್ಮದು. ಎರಡೂ ಪುಟ ತುಂಬಿದ ಊರಿನಲ್ಲಿ ಮೋಟಾರುಗಳು ಸುಡುವುದು ಕಡಿಮೆಯಾಗುತ್ತದೆ, ಕಂಬ ಹತ್ತಿದವನು ಮನೆಗೆ ಮರಳುತ್ತಾನೆ.